ಗೌನು ಹೊಲಿಯುವ ಅಂಕಲ್: ಕೈಕೆಲಸಕ್ಕೆ ಐದು ಸ್ಟಾರ್, ಮಾತಿಗೆ ಎರಡು

ಅಂಗಡಿಗೆ ಬೋರ್ಡೇ ಇಲ್ಲ. ಬೆಂಗಳೂರಿನ ಕೋರ್ಟ್ ಏರಿಯಾದ ಒಂದು ಗಲ್ಲಿ, ಮೆಟ್ಟಿಲ ಕೆಳಗೆ ಒಂದು ಮಿಷನ್ನು, ಒಂದು ಫ್ಯಾನು. ಯಾವ ವಕೀಲರನ್ನು ಕೇಳಿದರೂ ತೋರಿಸುತ್ತಾರೆ.

ಮೊದಲು ದೂರು. ನನ್ನ ಕಪ್ಪು ಕೋಟಿಗೆ ಅಳತೆ ತಗೊಂಡು "ಸೋಮವಾರ ಬನ್ನಿ ಮೇಡಂ" ಅಂದವರು ಮೂರು ಸೋಮವಾರ ಓಡಾಡಿಸಿದರು. ಹಾಕಿ ನೋಡೋಕೆ ಕನ್ನಡಿಯೂ ಇಲ್ಲ, ಮೊಬೈಲ್ ಕ್ಯಾಮೆರಾನೇ ಗತಿ.

ಆದರೂ ನಾನು ಯಾರ ಕೈಕೆಳಗೆ ವಕೀಲಿಕೆ ಮಾಡ್ತಿದ್ದೆನೋ ಆ ನಮ್ಮ ಸೀನಿಯರ್ ಹೈಕೋರ್ಟ್ ಜಡ್ಜ್ ಆದಾಗ ನಾನು ಓಡಿದ್ದು ಇಲ್ಲಿಗೇ. ಕೊಲಿಜಿಯಂ, ಅಂದರೆ ಜಡ್ಜ್‌ಗಳ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಸಮಿತಿ, ಹೆಸರು ಕಳಿಸಿ ತಿಂಗಳುಗಳೇ ಕಳೆದಿದ್ದವು. ಆಫೀಸಲ್ಲಿ ಯಾರೂ ಆ ಮಾತೇ ಎತ್ತುತ್ತಿರಲಿಲ್ಲ. ಒಂದು ಸಂಜೆ ದಿಢೀರಂತ ಆದೇಶ ಬಂತು, ಮೂರನೇ ದಿನವೇ ಪ್ರಮಾಣವಚನ. ಅಂಕಲ್ ರಾತ್ರಿಯೆಲ್ಲ ಕೂತು ಎರಡು ಜೊತೆ ಹೊಲಿದರು. ಭುಜದಲ್ಲಿ ಒಂದು ಸುಕ್ಕಿಲ್ಲ. ಕುತ್ತಿಗೆಗೆ ಕಟ್ಟುವ ಬಿಳಿ ಬ್ಯಾಂಡಿಗೆ ಗಂಜಿ ಹಾಕಿ, ಮುದುರದ ಹಾಗೆ ಹಳೇ ಕ್ಯಾಲೆಂಡರ್ ಹಾಳೆಯ ಮಧ್ಯೆ ಇಟ್ಟು ಕೊಟ್ಟರು.

ಸೀನಿಯರ್ ತಮ್ಮ ಹಳೇ ಗೌನನ್ನು ನನಗೆ ಕೊಟ್ಟರು. 22 ವರ್ಷದ್ದು. ಕುತ್ತಿಗೆ ಹತ್ತಿರ ಕಪ್ಪು ಹೋಗಿ ಹಸಿರಿಗೆ ತಿರುಗಿದೆ. ಜಡ್ಜ್ ಆಗೋಕೆ ಹೈಕೋರ್ಟಿನಲ್ಲಿ 10 ವರ್ಷ ವಕೀಲಿಕೆ ಮಾಡಿದ್ದರೆ ಸಾಕು ಅಂತ ಸಂವಿಧಾನದಲ್ಲಿದೆ. ಆದರೆ ಅಷ್ಟಕ್ಕೇ ಯಾರು ಕರೀತಾರೆ? ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ನಮ್ಮ ಬಿ.ವಿ. ನಾಗರತ್ನ ಅವರನ್ನೇ ನೋಡಿ. ತಂದೆ ಇ.ಎಸ್. ವೆಂಕಟರಾಮಯ್ಯ ಅವರು ಇದೇ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯೂ ಆದವರು. ಮಗಳು ವಕೀಲಿಕೆಗೆ ಸನ್ನದು ಪಡೆದದ್ದು 1987ರಲ್ಲಿ, ಹೈಕೋರ್ಟ್ ಪೀಠಕ್ಕೆ ಬಂದದ್ದು 2008ರಲ್ಲಿ.

ಗೌನನ್ನು ನನ್ನ ಅಳತೆಗೆ ಮಾಡಿಸಲು ಕೊಟ್ಟೆ. ಈ ಸಲ ಹೇಳಿದ ದಿನವೇ ಸಿಕ್ಕಿತು. ಒಳಮಗ್ಗುಲು ತಿರುಗಿಸಿ ನೋಡಿದರೆ ಬಟ್ಟೆ ಕತ್ತರಿಸಿಯೇ ಇಲ್ಲ, ಎರಡಿಂಚು ಹಾಗೇ ಮಡಚಿ ಹೊಲಿದಿದ್ದಾರೆ.

"ಸಾರ್ 62ಕ್ಕೆ ರಿಟೈರ್ ಆಗ್ತಾರಲ್ವಾ? ವಾಪಸ್ ಬಂದು ಕೇಳಿದ್ರೆ ಬಿಚ್ಚಿಕೊಡ್ತೀನಿ."

"ಅಂಕಲ್, ಖಾಯಂ ಜಡ್ಜ್ ಆದವರು ಆಮೇಲೆ ಇದೇ ಹೈಕೋರ್ಟಲ್ಲಿ ವಾದ ಮಾಡೋ ಹಾಗಿಲ್ಲ. ಸುಪ್ರೀಂ ಕೋರ್ಟು, ಇಲ್ಲಾ ಬೇರೆ ರಾಜ್ಯದ ಹೈಕೋರ್ಟು, ಅಷ್ಟೇ."

ಅವರು ಬಾಯಲ್ಲಿದ್ದ ದಾರ ತೆಗೆದು ಸ್ವಲ್ಪ ಹೊತ್ತು ಯೋಚಿಸಿದರು. "ಡೆಲ್ಲಿನಾ? ಅಲ್ಲಿ ಚಳಿ ಜಾಸ್ತಿ. ಹಂಗಾದ್ರೆ ಇದು ನೀವೇ ಇಟ್ಕೊಳ್ಳಿ, ಸಾರ್‌ಗೆ ದಪ್ಪ ಬಟ್ಟೇಲಿ ಹೊಸದೇ ಹೊಲಿಯೋಣ."