ಆಪ್, ಜಪಮಾಲೆ, ಉಸಿರಿನ ಎಣಿಕೆ: ಹೊಸದಾಗಿ ಧ್ಯಾನಕ್ಕೆ ಕೂತಾಗ ನನಗೆ ಒಗ್ಗಿದ್ದು

ಕಳೆದ ಮಳೆಗಾಲ ಪೂರ್ತಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗುಲಿ ಮೇಲೆ ಧ್ಯಾನ ಕಲಿಯಲು ಕೂತೆ. ಮೊದಲು ಮೊಬೈಲ್ ಆಪ್, ಆಮೇಲೆ ಜಪಮಾಲೆ, ಕೊನೆಗೆ ಉಸಿರು ಎಣಿಸುವುದು. ಒಂದೊಂದಕ್ಕೂ ಸುಮಾರು ಒಂದು ತಿಂಗಳು, ದಿನಾ ಬೆಳಿಗ್ಗೆ 15 ನಿಮಿಷ. ಜಾಗ, ಹೊತ್ತು ಎರಡನ್ನೂ ಬದಲಾಯಿಸಲಿಲ್ಲ. ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ ಅಲ್ವಾ?

ಮೊದಲ ವಾರಕ್ಕೆ ಆಪ್‌ನಷ್ಟು ಸುಲಭ ಯಾವುದೂ ಇಲ್ಲ. ಬೆನ್ನು ಹೇಗಿರಬೇಕು, ಕೈ ಎಲ್ಲಿಡಬೇಕು, ಎಲ್ಲವನ್ನೂ ಆಪ್‌ನ ದನಿಯೇ ಹೇಳುತ್ತದೆ. ಸರಿಯಾಗಿ ಮಾಡುತ್ತಿದ್ದೀನಾ ಅನ್ನುವ ಅಳುಕು ಹೋಯಿತು. ಎರಡನೇ ವಾರಕ್ಕೆ ಒಂದು ವಿಷಯ ಗೊತ್ತಾಯಿತು, ನಾನು ಉಸಿರಿನ ಕಡೆಗಿನ ಗಮನ ಬಿಟ್ಟು ಆ ದನಿಗಾಗಿ ಕಾಯುತ್ತಾ ಕೂತಿರುತ್ತಿದ್ದೆ. ‘ಮನಸ್ಸು ಅಲೆದಿದ್ದರೆ ವಾಪಸ್ ಕರೆತನ್ನಿ’ ಎಂದು ಅದು ಹೇಳುವ ಹೊತ್ತಿಗೆ ನಾನು ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸುವ ಲೆಕ್ಕದಲ್ಲಿ ಮೂರು ನಿಮಿಷ ಕಳೆದಾಗಿರುತ್ತಿತ್ತು. ರೆಕಾರ್ಡ್ ಮಾಡಿಟ್ಟ ಮಾತು ಅದು, ನಾನು ಯಾವಾಗ ತಪ್ಪಿದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಮತ್ತೆ ನಮ್ಮ ಕಡೆ ಆಷಾಢದ ಗಾಳಿ ಶುರುವಾದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಜಪಮಾಲೆ ಅಜ್ಜಿಯದ್ದು, ತುಳಸಿ ಮಣಿಯದ್ದು. 108 ಮಣಿ, ಮೇಲೊಂದು ಮೇರು, ಅಂದರೆ ಸುತ್ತು ಶುರುವಾಗಿ ಮುಗಿಯುವ ಮಣಿ. ತೋರುಬೆರಳು ತಾಗಿಸದೆ, ನಡುಬೆರಳ ಮೇಲಿಟ್ಟು ಹೆಬ್ಬೆರಳಲ್ಲಿ ಒಂದೊಂದೇ ಮಣಿ ಎಳೆದುಕೊಳ್ಳಬೇಕು. ಮೇರು ಸಿಕ್ಕಾಗ ದಾಟಬಾರದು, ಮಾಲೆ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್. ಮನಸ್ಸು ಕದಡಿದ ದಿನ ಇದರಂಥದ್ದು ಇನ್ನೊಂದಿಲ್ಲ. ಅಪ್ಪನನ್ನು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ದ ವಾರ ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಉಸಿರಿನ ಕಡೆ ಗಮನ ಕೊಟ್ಟರೆ ಇನ್ನೂ ಜಾಸ್ತಿ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಾಲೆ ಹಿಡಿದು ಕೂತೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಬಿಗಿದಿದ್ದ ಭುಜ ತಾನಾಗಿ ಇಳಿಯಿತು.

ಆದರೆ ಕೈಗೆ ರೂಢಿಯಾದ ಮೇಲೆ ಒಂದು ತೊಂದರೆ. ಮನಸ್ಸು ಎಲ್ಲೋ ಹೋಗಿರುತ್ತದೆ, ಬೆರಳು ಮಾತ್ರ ಮಣಿ ಎಳೆಯುತ್ತಲೇ ಇರುತ್ತದೆ. ಮೇರು ತಾಗಿದಾಗಲೇ ಎಚ್ಚರ, ಅಷ್ಟರಲ್ಲಿ ಅರ್ಧ ಮಾಲೆ ಸುಮ್ನೆ ಹೋಗಿರುತ್ತದೆ.

ಎಣಿಕೆಯಲ್ಲಿ ಹೀಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು. ಹತ್ತಕ್ಕೆ ಮುಟ್ಟಿದ ಮೇಲೆ ಮತ್ತೆ ಒಂದರಿಂದ. ಜಪಾನಿನ ಬೌದ್ಧರ ಝೆನ್ ಧ್ಯಾನದಲ್ಲೂ ಹೊಸಬರಿಗೆ ಇದನ್ನು ಕಲಿಸುತ್ತಾರೆ. ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರ ಪದ್ಧತಿಯ ವಿಪಶ್ಯನ ಧ್ಯಾನ ಶಿಬಿರದಲ್ಲಿ 10 ದಿನದ ಪೈಕಿ ಮೊದಲ ಮೂರು ದಿನ ಆನಾಪಾನ ಅಂತ ಉಸಿರನ್ನಷ್ಟೇ ಗಮನಿಸುವುದು, ಆದರೆ ಅಲ್ಲಿ ಎಣಿಸಬಾರದು, ಮಂತ್ರವನ್ನೂ ಹೇಳಿಕೊಳ್ಳಬಾರದು. ಅದು ಶುದ್ಧವಾದ ದಾರಿ ಇರಬಹುದು, ಮನೆಯಲ್ಲಿ ಒಬ್ಬನೇ ಕಲಿಯುವ ನನಗಂತೂ ಎಣಿಕೆ ಬೇಕೇ ಬೇಕಾಯಿತು. ಯಾಕೆಂದರೆ ಹದಿನಾಲ್ಕು ಅಂತ ಎಣಿಸುತ್ತಿದ್ದರೆ ತಪ್ಪಿದ್ದು ಆ ಕ್ಷಣವೇ ಗೊತ್ತಾಗುತ್ತದೆ, ಐದಾದ ಮೇಲೆ ಏನು ಅಂತ ನೆನಪಾಗದಿದ್ದರೂ ಗೊತ್ತಾಗುತ್ತದೆ. ಯಾರೂ ಹೇಳಬೇಕಿಲ್ಲ. ಹೊಸದಾಗಿ ಕೂರುವವರು ಮುಖ್ಯವಾಗಿ ಕಲಿಯಬೇಕಾದದ್ದು ಇದೇ, ಮನಸ್ಸು ಜಾರಿದ್ದನ್ನು ಬೇಗ ಹಿಡಿಯುವುದು. ಅದಕ್ಕೇ ಮೂರರಲ್ಲಿ ನನ್ನ ಓಟು ಎಣಿಕೆಗೆ.

ಸುಲಭ ಅಂತ ಹೇಳುವುದಿಲ್ಲ. ಮೊದಲ ವಾರ ನಾಲ್ಕು ದಾಟಿದ್ದೇ ಕಡಿಮೆ, ಬೇಜಾರಾಗಿ ಎದ್ದುಬಿಟ್ಟ ದಿನವೂ ಇದೆ. ಆಮೇಲೆ ಗಮನವನ್ನು ಮೂಗಿನ ಹೊಳ್ಳೆಯ ಅಂಚಿಗೆ ತಂದೆ. ನಮ್ಮ ಮಳೆಗಾಲದ ಚಳಿಯಲ್ಲಿ ಅದು ಚೆನ್ನಾಗಿ ಸಿಗುತ್ತದೆ, ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ. ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕುಂಡೆಯ ಅಡಿಗೆ ಕೊಟ್ಟೆ, ಸೊಂಟ ಮಂಡಿಗಿಂತ ಸ್ವಲ್ಪ ಎತ್ತರಕ್ಕೆ ಬಂತು, ಕಾಲು ಜೋಮು ಹಿಡಿಯುವುದೂ ಕಡಿಮೆಯಾಯಿತು. ಹಂಚಿನ ಮೇಲೆ ಮಳೆ ಒಂದೇ ಸಮ ಸುರಿಯುವಾಗ ಮಾತ್ರ ನಿದ್ದೆ ಎಳೆಯುತ್ತದೆ. ಆಗ ಕಣ್ಣು ಅರ್ಧ ತೆರೆದು ಅಂಗಳದ ನೆಲ ನೋಡುತ್ತಾ ಎಣಿಸುತ್ತೇನೆ.

ಆಪ್ ಈಗ ಫೋನಿನಲ್ಲಿಲ್ಲ. ಮಾಲೆ ಚೀಲದಲ್ಲೇ ಇದೆ, ಅಪ್ಪನ ಚೆಕಪ್‌ಗೆ ಹೋಗುವ ದಿನ ಬಸ್ಸಿನಲ್ಲಿ ತೆಗೆಯುತ್ತೇನೆ.