ಡಿಜಿಆರ್‌ಇ ಹಿಮಕುಸಿತ ಬುಲೆಟಿನ್: ಹೊರಡುವ ದಿನ ಗೊತ್ತುಮಾಡಲು ಸಾಕು, ದಾರಿ ಆರಿಸಲು ಸಾಲದು

ಮಳೆಗಾಲದಲ್ಲಿ ಉತ್ತರ ಕನ್ನಡಕ್ಕೆ ರೆಡ್ ಅಲರ್ಟ್ ಬಂತೆಂದರೆ ಜೊಯಿಡಾದಿಂದ ಭಟ್ಕಳದವರೆಗೆ ಎಲ್ಲರಿಗೂ ಅದೊಂದೇ. ದೇವಿಮನೆ ಘಟ್ಟದ ಯಾವ ತಿರುವಿನಲ್ಲಿ ಧರೆ ಜಾರುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ರಕ್ಷಣಾ ಸಂಶೋಧನೆಯ ಡಿಆರ್‌ಡಿಓ ಕೈಕೆಳಗಿನ ಚಂಡೀಗಡದ ಪ್ರಯೋಗಾಲಯ ಡಿಜಿಆರ್‌ಇ ಚಳಿಗಾಲದಲ್ಲಿ ಹಿಮಾಲಯದ ಜಿಲ್ಲೆಗಳಿಗೆ ಕೊಡುವ ಹಿಮಕುಸಿತದ ಸೂಚನೆಯೂ ಇದೇ ಜಾತಿಯದು. ಶಿರಸಿ, ಕಾರವಾರ ಕಡೆಯಿಂದ ಹಿಮಚಾರಣಕ್ಕೆ ಹೊರಡುವವರು ಇದನ್ನು ಓದಲೇಬೇಕು, ಆದರೆ ಓದುವ ಕ್ರಮ ಗೊತ್ತಿರಬೇಕು. (ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಜಾರಿ ಬರುವುದಕ್ಕೂ ‘ಹಿಮಪಾತ’ ಎಂದೇ ಬರೆಯುತ್ತವೆ. ಇಲ್ಲಿನ ಮಾತು ಜಾರುವ ಹಿಮದ್ದು.)

ಸೂಚನೆಯಲ್ಲಿ ಇರುವುದು ಜಿಲ್ಲೆಯ ಹೆಸರು, ಅಪಾಯದ ಮಟ್ಟ, ಎಷ್ಟು ಮೀಟರಿನ ಮೇಲೆ ಎಂಬ ಗೆರೆ, ಮುಂದಿನ 24 ಗಂಟೆಯ ಅವಧಿ. ಎತ್ತರದ ಗೆರೆಯೇ ಎಲ್ಲಕ್ಕಿಂತ ಉಪಯೋಗದ್ದು. ‘ಉತ್ತರಕಾಶಿ, 2,800 ಮೀಟರಿನ ಮೇಲೆ’ ಎಂದಿದ್ದರೆ, ಸುಮಾರು 3,800 ಮೀಟರಿನ ಕೇದಾರಕಂಠದ ಮೇಲ್ಭಾಗವೆಲ್ಲ ಅದರೊಳಗೇ ಬಂತು. ಮಟ್ಟ 3 ಅಂದರೆ ಐದರಲ್ಲಿ ನಡುವಿನದು, ಪರವಾಗಿಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ಒಂದೊಂದು ಮಟ್ಟಕ್ಕೂ ಅಪಾಯ ಪಟ್ಟುಪಟ್ಟಾಗಿ ಏರುತ್ತದೆ. ಆಲ್ಪ್ಸ್‌ನಲ್ಲಿ ಅತಿ ಹೆಚ್ಚು ಸಾವು ಆಗುವುದು ಮೂರರ ದಿನಗಳಲ್ಲೇ, ಏಕೆಂದರೆ ನಾಲ್ಕು ಅಂದಾಗ ಹೆಚ್ಚಿನವರು ಹೊರಡುವುದೇ ಇಲ್ಲ.

ಕೊರತೆ ಇರುವುದು ಮುಂದೆ. ಯುರೋಪಿನ ಬುಲೆಟಿನ್‌ಗಳು ಇಳಿಜಾರು ಯಾವ ದಿಕ್ಕಿನದು, ಕಾರಣ ಗಾಳಿಯೋ ಹೊಸ ಹಿಮವೋ ಹಳೆಯ ದುರ್ಬಲ ಪದರವೋ ಎಂದು ಬಿಡಿಸಿ ಹೇಳುತ್ತವೆ. ನಮ್ಮದರಲ್ಲಿ ಅದಿಲ್ಲ, ಸ್ಥಳದಲ್ಲೇ ನೋಡಿಕೊಳ್ಳಬೇಕು. ಗಾಳಿ ಹೊತ್ತ ಹಿಮ ನೆತ್ತಿ ದಾಟಿ ಹಿಂಬದಿಯಲ್ಲಿ ರಾಶಿಬಿದ್ದು ಹಲಗೆಯಂತೆ ಬಿಗಿಯುತ್ತದೆ. ಅದರಡಿ ಸಕ್ಕರೆಯಂಥ ಸಡಿಲ ಹರಳಿದ್ದರೆ ಒಬ್ಬರ ತೂಕಕ್ಕೇ ಇಡೀ ಹಲಗೆ ಕಡಿದು ಜಾರುತ್ತದೆ. ಕಾಲಡಿ ‘ಧುಮ್’ ಎಂದು ಕುಸಿದ ಸದ್ದು, ಬೂಟಿನಿಂದ ಮುಂದಕ್ಕೆ ಓಡುವ ಬಿರುಕು, ಹತ್ತಿರದಲ್ಲೇ ಹೊಸದಾಗಿ ಜಾರಿದ ಗುರುತು: ಮೂರರಲ್ಲಿ ಒಂದು ಕಂಡರೂ ಕಡಿದಾದ ಜಾಗಕ್ಕೆ ಹೋಗಬಾರದು. ಇಂಥ ಹಲಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಊರುಗೋಲನ್ನು ಹಿಮದ ಮೇಲೆ ಇಳಿಜಾರಿನ ಉದ್ದಕ್ಕೆ ಮಲಗಿಸಿ, ಮೊಬೈಲಿನ ಅಂಚನ್ನು ಅದರ ಮೇಲಿಟ್ಟರೆ ಕೋನ ಸಿಗುತ್ತದೆ. ಅಳೆಯಬೇಕಾದ್ದು ಮೇಲಿನ ದೊಡ್ಡ ಇಳಿಜಾರಿನಲ್ಲಿ ನಿಂತಲ್ಲ, ಅಷ್ಟೇ ಕಡಿದಾದ ಸಣ್ಣ ದಿಬ್ಬದಲ್ಲಿ.

ಸಪಾಟು ಜಾಗದಲ್ಲಿ ನಡೆಯುವವರೂ ತಲೆಯೆತ್ತಿ ನೋಡಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಬಂದದ್ದು ಕೆಳಗಿನ ಹೆದ್ದಾರಿ ಬದಿಯ ಚಹಾ ಅಂಗಡಿಯ ಮೇಲೆ. ಟೆಂಟ್ ಹಾಕುವಾಗಲೂ ಇದೇ ಲೆಕ್ಕ.

ಅದೇ ವರ್ಷ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಕರ್ನಾಟಕದ 9 ಚಾರಣಿಗರನ್ನು ಕೊಂದದ್ದು ಹಿಮಕುಸಿತವಲ್ಲ, ಹಿಮದ ಬಿರುಗಾಳಿ. ಅಂಥದ್ದು ಈ ಬುಲೆಟಿನ್‌ನಲ್ಲಿ ಸಿಗದು, ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಜೊತೆಗೇ ನೋಡಬೇಕು.

24 ಗಂಟೆ ದಾಟಿದ ಸೂಚನೆ ಹಳಸಿತು. ಮೇಲಿನ ಕ್ಯಾಂಪಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಸಂಜೆ ಹಿಮದ ಮೇಲೆ ಒಂದು ಮರದ ಹಲಗೆ ಹಾಸಿ ಕೋಲು ನೆಟ್ಟು, ಬೆಳಿಗ್ಗೆ ಅದರ ಮೇಲೆ ಬಿದ್ದ ಹೊಸ ಹಿಮವನ್ನು ಅಳೆಯಿರಿ. ಒಂದೇ ರಾತ್ರಿಗೆ 30 ಸೆಂಟಿಮೀಟರ್ ಬಿದ್ದಿದ್ದರೆ, ಗಾಳಿಯೂ ಇದ್ದರೆ, ಆ ದಿನ ಟೆಂಟಿನಲ್ಲೇ. ಹಣ ಕಟ್ಟುವ ಮೊದಲೇ ಏಜೆನ್ಸಿಯವರನ್ನು ಕೇಳಿ: ಪ್ರತಿಯೊಬ್ಬರಿಗೂ ಹಿಮದಡಿ ಹೂತವರ ಜಾಗ ತೋರುವ 457 ಕಿಲೋಹರ್ಟ್ಸ್‌ನ ರೇಡಿಯೊ ಬೀಕನ್, ಚುಚ್ಚಿ ಹುಡುಕುವ ಉದ್ದದ ಕೋಲು, ಲೋಹದ ಸಲಿಕೆ ಕೊಡುತ್ತೀರಾ, ಹೊರಡುವ ಮುನ್ನ ಹುಡುಕಾಟದ ಅಭ್ಯಾಸ ಮಾಡಿಸುತ್ತೀರಾ? ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು-ಹದಿನೈದು ನಿಮಿಷ ಕಳೆದರೆ ಸರ್ರನೆ ಇಳಿಯುತ್ತದೆ. ಕೆಳಗಿನಿಂದ ರಕ್ಷಣಾ ತಂಡ ಅಷ್ಟರೊಳಗೆ ಬಂದು ಮುಟ್ಟುವುದಿಲ್ಲ.