ಕಟ್ಟಿದ್ದಲ್ಲೇ ಮುಳುಗಿದ ನನ್ನ ದೋಣಿ

ದೋಣಿ ಇರುವವರು ದಯವಿಟ್ಟು ಓದಿ. ಹನ್ನೊಂದು ವರ್ಷ ಜೋಪಾನವಾಗಿ ನೋಡಿಕೊಂಡಿದ್ದ ದೋಣಿ, ಜೆಟ್ಟಿಗೆ ಕಟ್ಟಿದ್ದಲ್ಲೇ ಮುಳುಗಿತು. ನಾನು ಹೋಗುವಷ್ಟರಲ್ಲಿ ನೀರಿನ ಮೇಲೆ ಕಾಣುತ್ತಿದ್ದದ್ದು ಅದರ ಮೂತಿ, ಬಿಗಿದು ನಿಂತ ಎರಡು ಹಗ್ಗ. ಸುತ್ತಲೂ ಡೀಸೆಲ್ ಹರಡಿತ್ತು.

ಮಳೆ ಹಿಡಿದಿದ್ದರಿಂದ ಆ ವಾರ ನಾನು ಅತ್ತ ಹೋಗಿರಲಿಲ್ಲ. ತಳದಲ್ಲಿ ಆಟೋಮ್ಯಾಟಿಕ್ ಪಂಪ್ ಇದೆಯಲ್ಲ, ನೀರು ಬಂದರೆ ಅದೇ ಎತ್ತಿಹಾಕುತ್ತದೆ ಎಂಬ ಧೈರ್ಯ.

ಮೇಲೆತ್ತಿದ ನಂತರ ಒಂದೊಂದೇ ಬಿಚ್ಚಿ ನೋಡಿದಾಗ ಎಲ್ಲ ತಿಳಿಯಿತು. ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ನೀರು ಹೊರಹೋಗುವ ತೂತಿಗೆ ಎಲೆ, ಕಸ ಕಟ್ಟಿಕೊಂಡಿತ್ತು. 10 ಚದರ ಮೀಟರ್ ಡೆಕ್ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು, ಅಂದರೆ ಒಂದು ಟನ್ ಭಾರ. ದಾರಿ ಸಿಗದೆ ನಿಂತ ನೀರು ಮುಚ್ಚಳದ ಸಂದಿಯಿಂದ ತಳಕ್ಕಿಳಿದಿದೆ. ಪಾಪ, ಪಂಪ್ ಬ್ಯಾಟರಿ ಇರುವ ತನಕ ಓಡಿದೆ. 5 ಆಂಪಿಯರ್ ಎಳೆಯುವ ಪಂಪಿಗೆ 60 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದಾಗಲೂ 12 ಗಂಟೆಯಷ್ಟೇ ಬಾಳುತ್ತದೆ. ನನ್ನದು ಹಳೆಯದು.

ಅಸಲಿ ಅನಾಹುತ ಆದದ್ದು ಆಮೇಲೆ. ಹಿಂಬದಿ ತಗ್ಗುತ್ತ ತಗ್ಗುತ್ತ, ನೀರಿನಿಂದ ಒಂದು ಗೇಣು ಮೇಲಿದ್ದ ಪಂಪಿನ ಹೊರಬಾಯಿಯೇ ಮುಳುಗಿತು. ನಿಂತುಹೋದ ಪಂಪ್ ನೀರನ್ನು ತಡೆಯಲಿಲ್ಲ. ಹೊರಹಾಕಬೇಕಾದ ಪೈಪಿನಲ್ಲೇ ಸಮುದ್ರ ಒಳಗೆ ಹರಿಯಿತು. ಒಂದು ಇಂಚಿನ ತೂತು ನೀರಿನಿಂದ ಒಂದಡಿ ಕೆಳಗಿದ್ದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಯಾರೂ ಬೇಗ ನೋಡದಿದ್ದರೆ ದೋಣಿ ಉಳಿಯುವುದಿಲ್ಲ.

ಈಗ ಆ ಪೈಪನ್ನು ಎತ್ತರಕ್ಕೆ ಬಳಸಿ ತಂದು, ನೀರು ಹಿಂದಕ್ಕೆ ಎಳೆದುಕೊಂಡು ಬರದಂತೆ ನೆತ್ತಿಯಲ್ಲಿ ಗಾಳಿ ಆಡುವ ವಾಲ್ವ್ ಕೂರಿಸಿದ್ದೇನೆ. ಡೆಕ್ಕಿನ ತೂತುಗಳನ್ನು ಹೋದಾಗಲೆಲ್ಲ ಕಡ್ಡಿ ಹಾಕಿ ಬಿಡಿಸುತ್ತೇನೆ. ನೀರು ಏರಿದಾಗ ತೇಲಿ ಪಂಪನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ಚನ್ನು ಕೈಯಿಂದ ಎತ್ತಿ ಪಂಪಿನ ಸದ್ದು ಕೇಳಿಸಿಕೊಳ್ಳದೆ ಮನೆಗೆ ಹೊರಡುವುದಿಲ್ಲ. ಬಿಟ್ಟುಹೋಗುವಾಗ ಹೊರಗಿನ ನೀರು ಒಳಬರುವ ತಳದ ವಾಲ್ವ್‌ಗಳನ್ನು ಮುಚ್ಚಿ, ಪೈಪು ಬಿಗಿಯುವ ಕ್ಲಾಂಪ್ ತುಕ್ಕು ಹಿಡಿದದ್ದು ಕಂಡರೆ ಅವತ್ತೇ ಬದಲಿಸಿ. ಉಬ್ಬರವಿಳಿತ ಇರುವ ಕಡೆ ಹಗ್ಗ ಗಿಡ್ಡ ಕಟ್ಟಬೇಡಿ. ದೋಣಿಯ ಅಂಚು ಜೆಟ್ಟಿಯಡಿ ಸಿಕ್ಕಿಕೊಂಡರೆ ನೀರು ಏರುತ್ತದೆ, ದೋಣಿ ಏರುವುದಿಲ್ಲ.

ಒಣಗಿರುತ್ತಿದ್ದ ತಳದಲ್ಲಿ ನೀರು ಕಂಡರೆ, ಪಂಪ್ ಇದೆ ಬಿಡು ಎನ್ನಬೇಡಿ. ಸಮುದ್ರದಲ್ಲಿ ಕಟ್ಟಿದ ದೋಣಿಯಾದರೆ ಬೆರಳದ್ದಿ ನಾಲಿಗೆಗೆ ತಾಗಿಸಿ. ಸಪ್ಪೆಯಾದರೆ ಹೆಚ್ಚಾಗಿ ಮಳೆ ನೀರು, ಡೆಕ್ ಹುಡುಕಿ. ಉಪ್ಪಾದರೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿನ ಸೀಲ್, ವಾಲ್ವ್, ಪೈಪುಗಳನ್ನು ನೋಡದೆ ಆ ರಾತ್ರಿ ದೋಣಿ ಬಿಟ್ಟು ಹೋಗಬೇಡಿ.